ಅರಗು ಒಡೆಯದ ಪೆಟ್ಟಿಗೆ

ಭೀಮರಾಯನ ತಲೆಯಲ್ಲಿ ಸಂಶಯ ತುಂಬಿದವನು ಪಕ್ಕದ ಮನೆಯ ಉದ್ದಪ್ಪ. ಮತದಾನದ ಬೆಳಿಗ್ಗೆಯೇ ಬಂದು, "ಸರಕಾರದ ಪೆಟಗೀಗೆ ತಳಾನ ಇರೂದಿಲ್ಲಂತ. ಹಾದ್ಯಾಗ ಚೀಟಿ ಬದಲ ಮಾಡ್ತಾರಂತ," ಎಂದಿದ್ದ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ನಾಗನೂರಿನ ಪಂಚಾಯತಿ ಚುನಾವಣೆಗೆ ಕೆಳಗೇರಿಯ ಭೀಮರಾಯ, ವೀರಪ್ಪಗೌಡನ ಎದುರು ನಿಂತಿದ್ದ. ಊರ ಬಾವಿಯಲ್ಲಿ ಎಲ್ಲರೂ ನೀರು ಸೇದಬೇಕು ಎಂಬುದು ಅವನ ಒಂದೇ ಮಾತು. ಕೇರಿಯ ಎಂಬತ್ತೆರಡು ಮಂದಿಯೂ ಅವನಿಗೇ ಮತ ಹಾಕುವುದಾಗಿ ದೇವರ ಭಂಡಾರ ಮುಟ್ಟಿ ಆಣೆ ಮಾಡಿದ್ದರು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಕಂದೀಲಿನ ಚಿತ್ರ ಅಂಟಿಸಿದ್ದು ಅವನದು.

ಮತದಾನ ಶುರುವಾಗುವ ಮುನ್ನ ಭೀಮರಾಯ ಆ ಪೆಟ್ಟಿಗೆಯನ್ನು ಬೋರಲು ಹಾಕಿಸಿ, ತಳಕ್ಕೆ ಬೆರಳಿಂದ ಟಣ್ ಟಣ್ ಬಡಿದು ನೋಡಿದ.

"ಏ, ಗಡಿಗಿ ಕೊಳ್ಳಾಕ ಬಂದೀಯೇನೊ?" ಎಂದು ಅಧಿಕಾರಿ ಗದರಿದರು.

ಮಧ್ಯಾಹ್ನ ಮತದಾನ ಮುಗಿದು, ಅರಗಿನ ಮೊಹರು ಹಾಕಿದ ಪೆಟ್ಟಿಗೆಗಳು ಎತ್ತಿನ ಗಾಡಿಯಲ್ಲಿ ಗೋಕಾಕಕ್ಕೆ ಹೊರಟವು. ಭೀಮರಾಯ ಹಿಂದೆಯೇ ಓಡಿದ. ಧೂಳು ಮೆತ್ತಿ ಹಿಟ್ಟಿನ ಗಿರಣಿಯಿಂದ ಎದ್ದು ಬಂದವನಂತಾಗಿದ್ದ. ಹಳ್ಳದ ಬಳಿ ಎತ್ತುಗಳಿಗೆ ನೀರು ಕುಡಿಸಲು ಕಾವಲಿನ ಪೊಲೀಸ ಇಳಿದದ್ದೇ ತಡ, ಇವನು ಗಾಡಿ ಹತ್ತಿ ಕಂದೀಲಿನ ಪೆಟ್ಟಿಗೆಯನ್ನು ಅಪ್ಪಿಕೊಂಡು ಕೂತ. ಕಳ್ಳನೆಂದು ಬೆನ್ನ ಮೇಲೆ ಲಾಠಿ ನಾಲ್ಕು ಸಲ ಬಿತ್ತು. ಕೈಗೆ ಹಗ್ಗ ಬಿಗಿದು ಗಾಡಿಗೆ ಕಟ್ಟಿದರು.

"ಗಟ್ಟಿ ಕಟ್ರಿ ಸಾಹೇಬರ," ಎಂದ ಭೀಮರಾಯ. "ಪೆಟಗಿ ಕಣ್ಣಮುಂದ ಇದ್ರ ಸಾಕು."

ಸಂಜೆ ಗೋಕಾಕದಲ್ಲಿ ಎಣಿಕೆ. ಅಭ್ಯರ್ಥಿಯೆಂದು ತಿಳಿದು ಅವನ ಹಗ್ಗ ಬಿಚ್ಚಿದರು. ಅರಗಿನ ಮೊಹರು ಇದ್ದ ಹಾಗೇ ಇತ್ತು. ಪೆಟ್ಟಿಗೆ ತೆರೆದು ಸುರಿದರೆ ಬಿದ್ದದ್ದು ಒಂದೇ ಚೀಟಿ. ಭೀಮರಾಯ ಮೊಣಕೈ ತನಕ ಕೈ ಹಾಕಿ ಮೂಲೆಮೂಲೆ ತಡಕಿದ.

"ಮೊಹರು ಸರಿ ಇತ್ತಿಲ್ಲೊ?" ಎಂದು ಎಣಿಕೆಯ ಅಧಿಕಾರಿ ಕೇಳಿದರು.

"ಇತ್ರಿ."

"ಹಾದ್ಯಾಗ ಯಾರರ ಮುಟ್ಟಿದ್ರೇನು?"

"ಇಲ್ರಿ. ನಾನ ಮುಟ್ಟಿದ್ದೆ."

ಎಲ್ಲವೂ ಲೋಪವಿಲ್ಲದೆ ನಡೆಯಿತೆಂಬ ಕಾಗದಕ್ಕೆ ಅವನದೇ ಹೆಬ್ಬೆಟ್ಟು ಒತ್ತಿಸಿಕೊಂಡರು.

ಮರುದಿನ ನಸುಕಿಗೆ ಮನೆ ಮುಟ್ಟಿದಾಗ ಹೆಂಡತಿ ಇಂದ್ರವ್ವ ರೊಟ್ಟಿ ಬಡಿಯುತ್ತಿದ್ದಳು.

"ನೀನೂ ಹಾಕಲಿಲ್ಲೇನ?" ಎಂದು ಕೇಳಿದ.

ಅವಳ ಕೈ ನಿಂತಿತು. "ಮೊನ್ನಿ ನೀ ಸಂತಿಗೆ ಹೋದಾಗ ಗೌಡನ ಮಂದಿ ಮನಿಮನಿಗೆ ಬಂದಿದ್ರು. ಕಂದೀಲ ಪೆಟಗ್ಯಾಗ ಎರಡನೇ ಚೀಟಿ ಕಂಡ್ರ ನಿನ್ನ ಹೆಣಾ ಬಾವ್ಯಾಗ ತೇಲತೈತಿ ಅಂದ್ರು. ನಿನಗ ಹೇಳಿದ್ರ ನೀ ಕೇಳಾಂವಲ್ಲ. ಎಲ್ಲಾರೂ ಕೂಡಿ ನಿನ್ನ ಉಳಿಸಿಕೊಂಡೇವಿ."

ಭೀಮರಾಯ ಬಾಸುಂಡೆ ಎದ್ದ ಬೆನ್ನು ತೋರಿಸಿ ಬೋರಲು ಮಲಗಿದ. ಹೊತ್ತೇರುತ್ತಿದ್ದಂತೆ ಕೇರಿಯವರು ಒಬ್ಬೊಬ್ಬರೇ ಬಾಗಿಲಿಗೆ ಬಂದರು. ಅವನು ಉಸಿರಾಡುತ್ತಿರುವುದನ್ನು ಕಣ್ಣಾರೆ ಕಂಡು, ಸಮಾಧಾನದಿಂದ ಹಿಂದಿರುಗಿದರು.