ಬೇಲಿಯೊಳಗಿನ ಹುಲ್ಲು

ಎಣಿಕೆಯ ಜಾಗ ಗುರುತಿಸಲು ನೆಡುವ ಹಳದಿ ಬಾವುಟಗಳ ಕಟ್ಟು ಜೀಪಿನಲ್ಲೇ ಉಳಿದುಹೋದದ್ದು ಶ್ರೀಶನ ತಪ್ಪಲ್ಲ. ಆದರೆ ಅದರ ಬದಲಿಗೆ ಚೀಲದ ತಳದಲ್ಲಿದ್ದ ಕೆಂಪು ಬಾವುಟಗಳನ್ನು ನೆಟ್ಟವನು ಮಾತ್ರ ಅವನೇ. ಬಂದಳಿಕೆ ಊರಿನ ಆಚೆಗಿನ ಗೋಮಾಳದಲ್ಲಿ ಬೆಳಗಿನ ಎಂಟು ಗಂಟೆಗೆ ಐದು ಕೆಂಪು ಬಾವುಟಗಳು ಗಾಳಿಗೆ ಪಟಪಟ ಹಾರತೊಡಗಿದವು. ಎಂಟೂಕಾಲಿಗೆ ಅವು ಊರಿನವರ ಕಣ್ಣಿಗೆ ಬಿದ್ದವು.

ಶ್ರೀಶ ಸೊರಬದವನು. ಹನ್ನೊಂದು ವರ್ಷದಿಂದ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಹುಲ್ಲಿನ ಹೂವಿನ ಅಡ್ಡಸೀಳಿಕೆಯನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲ. ಆದರೆ ಪಿಎಚ್.ಡಿ.ಗೆ ಸೇರಲು ಹೋದಾಗಲೆಲ್ಲ, “ನಿಮಗೆ ಬಯಲಲ್ಲಿ ಕೆಲಸ ಮಾಡಿದ ಅನುಭವ ಇಲ್ಲವಲ್ಲ” ಎಂದು ವಾಪಸು ಕಳಿಸುತ್ತಿದ್ದರು. ಅದಕ್ಕೇ ಈ ಬೇಸಗೆ ರಜೆಯಲ್ಲಿ ಡಾಕ್ಟರ್ ಕ್ಷಮಾ ಅವರ ಹುಲ್ಲುಗಾವಲು ಸಂಶೋಧನಾ ತಂಡಕ್ಕೆ ಅರ್ಜಿ ಹಾಕಿದ್ದ. “ಮೊದಲ ದಿನ ನಿಮ್ಮ ಕೆಲಸ ನೋಡ್ತೀನಿ. ಆಮೇಲೆ ಮೂರು ತಿಂಗಳು ಇಟ್ಕೊಳ್ಳೋ ವಿಷಯ” ಎಂದಿದ್ದರು ಮೇಡಂ. ಇವತ್ತೇ ಆ ಮೊದಲ ದಿನ.

ಗೋಮಾಳದ ನಡುವೆ ಒಂದು ಗುಂಟೆ ಜಾಗಕ್ಕೆ ಮೇಡಂ ಎರಡು ವರ್ಷದ ಹಿಂದೆಯೇ ತಂತಿಬೇಲಿ ಹಾಕಿಸಿದ್ದರು. ದನ ಮೇಯದೆ ಬಿಟ್ಟರೆ ಯಾವ ಯಾವ ಹುಲ್ಲು ಬರುತ್ತದೆ ಎಂದು ನೋಡುವುದು ಅವರ ಉದ್ದೇಶ. ಬೇಲಿಯ ಹೊರಗೆ ದನಗಳು ನೆಕ್ಕಿ ನೆಕ್ಕಿ ನೆಲ ಕಂಬಳಿಯಂತೆ ಸವೆದಿತ್ತು. ಒಳಗೆ ಮೊಳಕಾಲುದ್ದದ ಹುಲ್ಲು ಮದುವೆ ಮನೆಯವರ ಹಾಗೆ ತಲೆದೂಗುತ್ತಿತ್ತು.

“ಇಪ್ಪತ್ತೈದು ಕಡೆ ಈ ಚೌಕಟ್ಟು ಇಟ್ಟು, ಅದರೊಳಗೆ ಯಾವ ಹುಲ್ಲು ಎಷ್ಟು ಬುಡ ಇದೆ ಅಂತ ಎಣಿಸಿ ಬರೀರಿ. ಅಷ್ಟೇ” ಎಂದು ಮೇಡಂ ಮೀಟರು ಅಗಲದ ಮರದ ಚೌಕಟ್ಟನ್ನು ಅವನ ಕೊರಳಿಗೆ ಹಾಕಿದಂತೆ ಕೊಟ್ಟಿದ್ದರು. “ಒಂದು ಮಾತು ನೆನಪಿರಲಿ. ಒಂದೇ ಒಂದು ದನ ಒಳಗೆ ಬಾಯಿ ಹಾಕಬಾರದು. ಊರಿನವರನ್ನ ನಂಬಬೇಡಿ. ಎರಡು ವರ್ಷದಿಂದ ಈ ಹುಲ್ಲಿನ ಮೇಲೇ ಅವರ ಕಣ್ಣು.” ಹೀಗೆಂದು ತಂಡದ ಉಳಿದ ಮೂವರನ್ನು ಕೂರಿಸಿಕೊಂಡು ಅಂಬ್ಲಿಗೊಳದ ಕಡೆಯ ಇನ್ನೊಂದು ಬೇಲಿಗೆ ಹೊರಟುಹೋದರು. ಜೀಪು ಸಂಜೆ ಐದಕ್ಕೆ ಬರುವುದೆಂದಾಯಿತು. ಮೊಬೈಲಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ.

ಮೊದಲ ಚೌಕಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಾಗಲೇ ಶ್ರೀಶನಿಗೆ ಬೆವರಿತು. ಎಲ್ಲ ಹುಲ್ಲೂ ಒಂದೇ ಯೂನಿಫಾರಂ ಹಾಕಿದ ಮಕ್ಕಳ ಹಾಗೆ ಕಾಣುತ್ತಿದ್ದವು. ಬೋರ್ಡಿನ ಮೇಲೆ ಇಷ್ಟು ಹತ್ತಿರದ ಸಂಬಂಧಿಕರನ್ನು ಅವನು ಒಟ್ಟಿಗೆ ನೋಡಿರಲಿಲ್ಲ.

“ಏನ್ ಸ್ವಾಮಿ, ರೋಡ್ ಬರತೈತೇನು?”

ತಲೆ ಎತ್ತಿದರೆ ಬೇಲಿಯಾಚೆ ಕೋಲಿನ ಮೇಲೆ ಗದ್ದ ಊರಿ ಒಬ್ಬ ಮುದುಕ ನಿಂತಿದ್ದ. ಊರ ದನ ಕಾಯುವ ಹುಲಿಯಪ್ಪ. ಅವನ ಹಿಂದೆ ಹದಿನೆಂಟು ದನಗಳೂ ಅದೇ ಪ್ರಶ್ನೆ ಕೇಳುವಂತೆ ನೋಡುತ್ತಿದ್ದವು.

“ಇಲ್ಲಪ್ಪ, ಹುಲ್ಲು ಎಣಿಸ್ತಿದ್ದೀನಿ.”

ಹುಲಿಯಪ್ಪ ಕೋಲಿನಿಂದ ಗದ್ದ ಎತ್ತಿದ. “ಎಣಿಸಿ?”

“ಬರ್ಕೊಳ್ತೀನಿ.”

“ಬರ್ಕಂಡು?”

“ಮೇಡಂಗೆ ಕೊಡ್ತೀನಿ. ಅವರು ಕಂಪ್ಯೂಟರಿಗೆ ಹಾಕ್ತಾರೆ.”

“ಕಂಪ್ಯೂಟರು ಏನ್ ಹುಲ್ಲು ತಿಂತತೇನು?” ಎಂದವನೇ ಹುಲಿಯಪ್ಪ ದನಗಳನ್ನು ಅಲ್ಲೇ ಬಿಟ್ಟು ಊರ ಕಡೆ ದಾಪುಗಾಲು ಹಾಕಿದ. ಹೋಗುವಾಗ ಎರಡು ಸಲ ತಿರುಗಿ ನೋಡಿದ.

ದನ ಬಿಟ್ಟು ಹೋದನಲ್ಲ! ಶ್ರೀಶನಿಗೆ ಮೇಡಂ ಮಾತು ನೆನಪಾಯಿತು. ಇದೇ ಇವರ ಹಂಚಿಕೆ ಇರಬೇಕು ಎಂದುಕೊಂಡು ಚೌಕಟ್ಟನ್ನು ಕೈಲಿ ಹಿಡಿದು ಬೇಲಿಯೊಳಗೇ ಸುತ್ತ ಓಡಾಡತೊಡಗಿದ. ಒಂದು ಎಮ್ಮೆ ತಂತಿಗೆ ಮೂತಿ ತಂದಾಗ “ಹಾಯ್ ಹಾಯ್” ಎಂದು ಕುಣಿದ. ಊರಿನವರು ಬಂದದ್ದು ಆ ಹೊತ್ತಿಗೇ. ಅವರಿಗೆ ಕಂಡದ್ದು ಇಷ್ಟು: ಗುರುತಿಲ್ಲದ ಒಬ್ಬ ಮನುಷ್ಯ, ಕೈಯಲ್ಲಿ ಚೌಕದ ಮಂಡಲ, ಸುತ್ತ ಕೆಂಪು ಬಾವುಟ, ಬಾಯಲ್ಲಿ ಏನೋ ಕೂಗು, ಪ್ರದಕ್ಷಿಣೆ.

ಮುಂದಿದ್ದವರು ಪರಮಶಿವಪ್ಪ. ಹಿಂದೊಮ್ಮೆ ಪಂಚಾಯ್ತಿ ಮೆಂಬರಾಗಿದ್ದವರು. ಗೋಮಾಳದ ಅಂಚಿನಲ್ಲಿ ಎರಡೆಕರೆ ಮೆಕ್ಕೆಜೋಳ ಬೆಳೆಯುತ್ತ, ಅದು ತಮ್ಮ ಹೆಸರಿಗೆ ಆಗಲೆಂದು ಬಗರ್ ಹುಕುಂ ಅರ್ಜಿ ಕೊಟ್ಟು ಒಂಬತ್ತು ವರ್ಷದಿಂದ ಕಾದು ಕೂತವರು. ಯಾರು ಆ ಕಡೆ ಟೇಪು ಹಿಡಿದರೂ ಅವರಿಗೆ ಬಿ.ಪಿ. ಏರುತ್ತಿತ್ತು.

“ಯಾವ ಇಲಾಖೇರಿ? ಆರ್ಡರ್ ಕಾಪಿ ತೋರಿಸ್ರಿ.”

“ಇಲಾಖೆ ಅಲ್ಲ ಗೌಡ್ರೆ. ನಾನು ಸೊರಬದ ಮೇಷ್ಟ್ರು.”

“ಸೊರಬದೋರು ಶಿಕಾರಿಪುರದ ಹುಲ್ಲು ಯಾಕ್ರೀ ಎಣಿಸ್ತೀರಿ? ನಿಮ್ಮ ತಾಲ್ಲೂಕಲ್ಲಿ ಹುಲ್ಲಿಲ್ವೇನು?”

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಸೋಲಾರ್ ಕಂಪನಿಯವನು ಎಂದರು ಕೆಲವರು. ಫಾರೆಸ್ಟಿನವನು, ಗೋಮಾಳ ಹೋಯ್ತು ಅನ್ನಿ ಎಂದರು ಇನ್ನು ಕೆಲವರು. ಅಷ್ಟರಲ್ಲಿ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಗಿರೀಶ ಬೇಲಿ ಸಂದಿಯಿಂದ ಕೈ ಹಾಕಿ ಶ್ರೀಶನ ಚೀಲ ಎಳೆದು ಸುರಿದೇಬಿಟ್ಟ.

ಮಣ್ಣು ಕೆದಕುವ ಸಣ್ಣ ಸಲಿಕೆ ಹೊರಬಿತ್ತು. ಬಿಸಿಲಿಗೆ ಶರಬತ್ತು ಮಾಡಿಕೊಳ್ಳಿ ಎಂದು ಹೆಂಡತಿ ಗಂಗಾ ಹಾಕಿದ್ದ ಮೂರು ನಿಂಬೆಹಣ್ಣು ಉರುಳಿದವು. ಕೊನೆಗೆ, ಮೊದಲ ದಿನ ಒಳ್ಳೆಯದಾಗಲಿ ಎಂದು ಅವಳೇ ಇಟ್ಟಿದ್ದ ಚಂದ್ರಗುತ್ತಿ ಅಮ್ಮನ ಕುಂಕುಮದ ಪೊಟ್ಟಣ ಬಿಚ್ಚಿಕೊಂಡು ನೆಲವೆಲ್ಲ ಕೆಂಪಾಯಿತು.

ಜನ ಎರಡು ಹೆಜ್ಜೆ ಹಿಂದೆ ಸರಿದರು.

“ನಿಧಿ!” ಎಂದ ಗಿರೀಶ, ತಗ್ಗಿದ ದನಿಯಲ್ಲಿ.

ಬಂದಳಿಕೆಯ ಹಾಳು ಗುಡಿಗಳ ಸುತ್ತ ಯಾರು ಸಲಿಕೆ ಹಿಡಿದರೂ ಈ ಮಾತು ಬರುವುದು ಸಹಜ. ಶ್ರೀಶ ಬೆವರೊರೆಸಿಕೊಂಡು, ನಿಂಬೆಹಣ್ಣು ಕುಡಿಯೋಕೆ, ಕುಂಕುಮ ಹಣೆಗೆ ಎಂದು ತೊದಲಿದ. ಹಣೆಯಲ್ಲಿ ಕುಂಕುಮ ಇರಲಿಲ್ಲ. ಎ.ಸಿ. ಇಲ್ಲದ ಜೀಪಿನ ಸೆಕೆಯಲ್ಲಿ ಅದು ಬೆಳಿಗ್ಗೆಯೇ ಕರಗಿ ಹೋಗಿತ್ತು.

“ಊರ ಕಟ್ಟೆಗೆ ಬರ್ರಿ, ಕೂತು ಮಾತಾಡಾಣ” ಎಂದರು ಪರಮಶಿವಪ್ಪ.

“ಬರಲ್ಲ! ನಾನು ಈ ಬೇಲಿ ಬಿಟ್ಟು ಒಂದು ಹೆಜ್ಜೇನೂ ಬರಲ್ಲ!” ದನಗಳನ್ನು ನೋಡುತ್ತ ಶ್ರೀಶ ಕೂಗಿದ.

“ನೋಡಿದ್ರಾ? ಬಿಟ್ಟು ಬರಲ್ವಂತೆ. ಒಳಗೆ ಐತೆ ಮಾಲು” ಎಂದ ಗಿರೀಶ.

ಹುಲಿಯಪ್ಪ ತಡಮಾಡದೆ ಬೇಲಿಯ ಮೂಲೆಯ ಗೂಟದ ಬುಡ ಕೆದಕಿದ. ನಾಲ್ಕು ಬೆರಳು ಆಳದಲ್ಲಿ ಠಣ್ ಎಂದಿತು. ಕೈಗೆ ಬಂದದ್ದು ಒಂದು ಲೋಹದ ಬಿಲ್ಲೆ, ಅದರ ಮೇಲೆ ಏನೋ ಕೆತ್ತಿದೆ. ಊರೇ ಮುಗಿಬಿದ್ದಿತು. ಗಿರೀಶ ಮಣ್ಣು ಒರೆಸಿ ಓದಿದ: “ಹದಿನೇಳು.” ಅದು ಬೇಲಿಯ ನಂಬರು ಎಂದು ಶ್ರೀಶ ಎಷ್ಟು ಬಡಕೊಂಡರೂ ಯಾರೂ ಕೇಳಲಿಲ್ಲ. ಹದಿನೇಳು ಕೊಪ್ಪರಿಗೆಯೋ ಹದಿನೇಳು ಅಡಿಯೋ ಎಂದು ಚರ್ಚೆ ಶುರುವಾಯಿತು. ಪೊಲೀಸರಿಗೆ ಹೇಳುವುದೋ, ಮೊದಲು ಹದಿನೇಳು ಅಡಿ ಅಗೆದು ಆಮೇಲೆ ಹೇಳುವುದೋ ಎಂಬಲ್ಲಿ ಊರು ಎರಡು ಪಕ್ಷವಾಯಿತು.

ಆಗ ಜನರನ್ನು ಮೊಣಕೈಯಲ್ಲಿ ತಿವಿದು ದಾರಿ ಮಾಡಿಕೊಂಡು ಹನುಮಮ್ಮ ಮುಂದೆ ಬಂದಳು. ಎಪ್ಪತ್ತರ ಹತ್ತಿರದ ಮುದುಕಿ. ನಾಲ್ಕು ಎಮ್ಮೆ ಸಾಕಿದವಳು. ಅವಳ ಎದುರು ಪರಮಶಿವಪ್ಪನವರೂ ದನಿ ತಗ್ಗಿಸುತ್ತಿದ್ದರು.

“ಹುಲ್ಲು ಎಣಿಸಾಕೆ ಬಂದೀನಿ ಅಂತೀಯಲ್ಲ ತಮ್ಮಾ, ಇದ್ಯಾವ ಹುಲ್ಲು ಹೇಳು” ಎಂದು ಒಂದು ಎಸಳು ಹಿಡಿದಳು.

ಶ್ರೀಶ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಕನ್ನಡಕ ತೆಗೆದು ನೋಡಿದ. ಹಾಕಿಕೊಂಡು ನೋಡಿದ. ಕೊನೆಗೆ ಅವಳ ಕೈಗೇ ವಾಪಸು ಕೊಟ್ಟ.

“ಗೊತ್ತಿಲ್ಲ ಅಜ್ಜಿ. ಹನ್ನೊಂದು ವರ್ಷ ಪಾಠ ಮಾಡಿದ್ದೀನಿ. ಬೋರ್ಡ್ ಮೇಲಾದ್ರೆ ಹೇಳ್ತಿದ್ದೆ. ಬೆಳಿಗ್ಗೆಯಿಂದ ಒಂದೂ ಗುರುತು ಹತ್ತಿಲ್ಲ. ಸಂಜೆ ಐದಕ್ಕೆ ಮೇಡಂ ಬರ್ತಾರೆ. ಎಣಿಸಿ ಕೊಡದಿದ್ರೆ ನಾಳೆಯಿಂದ ಬರಬೇಡ ಅಂತಾರೆ. ನಿಮಗೆ ಕೈ ಮುಗೀತೀನಿ, ನನಗೆ ಹುಲ್ಲು ಎಣಿಸೋಕೆ ಬಿಡಿ.”

ಹನುಮಮ್ಮ ಅವನನ್ನೇ ದಿಟ್ಟಿಸಿದಳು. ಆಮೇಲೆ ನಕ್ಕಳು. “ಇದು ಗರಿಕೆ ಕಣೋ! ಗಣಪತಿಗೆ ಏರಿಸಾದು! ಇದೂ ಗೊತ್ತಿಲ್ದೋನು ನಿಧಿ ಹುಡುಕ್ತಾನಾ? ಕಳ್ಳ ಆಗಾಕೆ ಸ್ವಲ್ಪನಾದ್ರೂ ಬುದ್ಧಿ ಬೇಕು. ಬಿಡ್ರೋ ಅವನ್ನ, ಪಾಪದೋನು.”

ಅಷ್ಟು ಹೊತ್ತಿನ ಅನುಮಾನವೆಲ್ಲ ಒಮ್ಮೆಲೇ ಇಳಿಯಿತು. ಊರಿನವರಿಗೆ ನಾಚಿಕೆಯಾಯಿತು. ಗಿರೀಶ ನಿಂಬೆಹಣ್ಣು ಒರೆಸಿ ಚೀಲಕ್ಕೆ ತುಂಬಿದ. ಹುಲಿಯಪ್ಪ ಹದಿನೇಳನೇ ನಂಬರನ್ನು ಇದ್ದಲ್ಲೇ ಹೂತು ಕಾಲಿನಿಂದ ತುಳಿದ. ಪರಮಶಿವಪ್ಪ ಶ್ರೀಶನ ಹೆಗಲ ಮೇಲೆ ಕೈ ಹಾಕಿದರು.

“ತಪ್ಪು ತಿಳಕೋಬ್ಯಾಡ್ರಿ ಮೇಷ್ಟ್ರೆ. ಬಿಸಿಲು ನೆತ್ತಿಗೇರೈತಿ. ನಮ್ಮನೇಲಿ ರೊಟ್ಟಿ ತಿಂದು ಬರೋವ್ರಂತೆ.”

“ದನ…?”

“ನಾನು ಕಾಯ್ತೀನಿ ಸಾರ್” ಎಂದು ಹುಲಿಯಪ್ಪ ಎದೆ ಮುಟ್ಟಿಕೊಂಡ. “ಒಂದು ಕರ ಒಳಗೆ ಮೂತಿ ಹಾಕಿದ್ರೆ ನನ್ನ ಹೆಸರು ಹುಲಿಯಪ್ಪ ಅಲ್ಲ.”

ಶ್ರೀಶ ಹೋದ. ರೊಟ್ಟಿ, ಬದನೆ ಎಣ್ಣೆಗಾಯಿ, ಮೊಸರು. ಊಟವಾದ ಮೇಲೆ ಎದ್ದರೆ, “ಬಿಸಿಲಿಳೀಲಿ” ಎಂದು ಕೂರಿಸಿದರು. ಮತ್ತೆ ಎದ್ದರೆ ಬಗರ್ ಹುಕುಂ ಅರ್ಜಿಯ ಫೈಲು ತಂದು ತೋರಿಸಿದರು. ಮೂರನೇ ಸಲ ಎದ್ದರೆ ಕಾಫಿ ಬಂತು. ಕಾಫಿಯ ಜೊತೆ ಶ್ರೀಶನಿಗೆ ಒಂದು ಅನುಮಾನವೂ ಬಂತು. ಇಷ್ಟು ಉಪಚಾರ ಯಾಕೆ? ನನ್ನನ್ನು ಇಲ್ಲಿ ಹಿಡಿದಿಟ್ಟು ಅಲ್ಲಿ ದನ ಬಿಟ್ಟರೋ?

ನಾಲ್ಕೂಮುಕ್ಕಾಲಿಗೆ ಅವನು ಲೋಟ ಕೆಳಗಿಟ್ಟು ಓಡಿಯೇಬಿಟ್ಟ.

ದಿಬ್ಬ ಹತ್ತಿ ನೋಡಿದಾಗ ಜೀವ ಬಂದಂತಾಯಿತು. ದನಗಳೆಲ್ಲ ದೂರದ ಮರದ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದವು. ತಂತಿ ಒಂದೂ ಸಡಿಲವಾಗಿರಲಿಲ್ಲ. ಗೇಟಿಗೆ ಚಿಲಕ ಹಾಕಿ, ಹುಲಿಯಪ್ಪ ಕೋಲು ಹಿಡಿದು ಸಿಪಾಯಿಯ ಹಾಗೆ ನಿಂತಿದ್ದ. ಈ ಒಳ್ಳೆಯ ಜನರ ಮೇಲೆ ಅನುಮಾನ ಪಟ್ಟೆನಲ್ಲ ಎಂದು ಶ್ರೀಶನಿಗೆ ಕಣ್ಣು ಒದ್ದೆಯಾಯಿತು. ಆ ಒದ್ದೆ ಕಣ್ಣಲ್ಲೇ ಬೇಲಿಯೊಳಗೆ ನೋಡಿದ.

ಒಳಗೆ ಹುಲ್ಲಿರಲಿಲ್ಲ. ತಿರುಪತಿಯಿಂದ ಈಗಷ್ಟೇ ಬಂದವರ ತಲೆಯಂತೆ ನೆಲ ನುಣ್ಣಗಿತ್ತು.

ಬೇಲಿಯ ಪಕ್ಕದ ನೆರಳಲ್ಲಿ ಹನುಮಮ್ಮ ಮತ್ತು ಹತ್ತು ಜನ ಹೆಂಗಸರು ಕುಡುಗೋಲು ಒರಗಿಸಿ ಕೂತು ಎಲೆಅಡಿಕೆ ಹಾಕುತ್ತಿದ್ದರು. ಅವರ ಮುಂದೆ ಹುಲ್ಲಿನ ಕಟ್ಟುಗಳು ಸಾಲಾಗಿದ್ದವು. ಕೆಲವು ತೆಕ್ಕೆ ತುಂಬುವಷ್ಟು ದಪ್ಪ, ಕೆಲವು ಬೆರಳಿನಷ್ಟು ಸಣ್ಣ.

“ಬಾರಪ್ಪ, ಕೂತ್ಕಂಡು ಆರಾಮಾಗಿ ಎಣಿಸು” ಎಂದಳು ಹನುಮಮ್ಮ. “ಬಗ್ಗಿ ಬಗ್ಗಿ ಸೊಂಟ ನೋಯಿಸ್ಕಬ್ಯಾಡ. ನಿಂಗೆ ಗುರುತು ಹತ್ತಲ್ಲ ಅಂದ್ಯಲ್ಲ, ಗರಿಕೆ ಇಲ್ಲಿ, ಕರಡ ಅಲ್ಲಿ, ಬಾದೆ ಆ ಕಡೆ, ಎಲ್ಲ ಬ್ಯಾರೆ ಬ್ಯಾರೆ ಕಟ್ಟೀವಿ.”

ಶ್ರೀಶ ಏನೋ ಹೇಳಲು ಬಾಯಿ ತೆರೆದ. ಆದರೆ ಬಂದದ್ದು ಜೀಪಿನ ಸದ್ದು.

ಕ್ಷಮಾ ಮೇಡಂ ಇಳಿದವರು ಬೇಲಿಯ ಹತ್ತಿರ ಬಂದು, ತಂತಿ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನೋಡಿದರು. “ಯಾವ ದನ?” ಎಂದರು ಕೊನೆಗೆ.

“ಒಂದೂ ಬಂದಿಲ್ಲ ಮೇಡಂ” ಎಂದ ಶ್ರೀಶ. ಅದು ನಿಜವಾಗಿತ್ತು.

“ಇದೆಲ್ಲಾನೂ ಮೇಷ್ಟ್ರು ಕೈ ಮುಗಿದು ಕೇಳಿದ್ದಕ್ಕೇ ಮಾಡಿದ್ದು ಮೇಡಂ” ಎಂದು ಹುಲಿಯಪ್ಪ ಹೆಮ್ಮೆಯಿಂದ ಸೇರಿಸಿದ.

ಮೇಡಂ ಶ್ರೀಶನ ಕಡೆ ತಿರುಗಿದರು. “ಹನ್ನೊಂದು ಜನ. ಕುಡುಗೋಲು ಸಮೇತ. ನೀವು ಎಷ್ಟು ದಿನದಿಂದ ಇದರ ಏರ್ಪಾಡು ಮಾಡ್ತಿದ್ರಿ ಶ್ರೀಶ ಅವರೇ? ನಿಮ್ಮನ್ನ ನನ್ನ ತಂಡಕ್ಕೆ ಕಳಿಸಿದವರು ಯಾರು?”

“ಅಯ್ಯೋ ಮೇಡಂ, ನಾನು ಊಟಕ್ಕೆ…”

ಮೇಡಂ ಕೇಳಿಸಿಕೊಳ್ಳಲಿಲ್ಲ. ಅವರ ದೃಷ್ಟಿ ಕಟ್ಟುಗಳ ಮೇಲೆ ಬಿದ್ದಿತ್ತು. ನಿಧಾನವಾಗಿ ಮಂಡಿಯೂರಿ ಕೂತು ಒಂದೊಂದೇ ಕಟ್ಟು ಮುಟ್ಟುತ್ತ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಇಪ್ಪತ್ತಮೂರು ಜಾತಿ! ಎರಡು ವರ್ಷದಲ್ಲಿ ನಾವು ಹದಿನಾಲ್ಕೇ ಬರೆದಿದ್ದೀವಿ. ಯಾರಮ್ಮ ಇದನ್ನ ವಿಂಗಡಿಸಿದ್ದು?”

“ನಾನೇ ಕಣವ್ವಾ.” ಹನುಮಮ್ಮ ತುಟಿ ಒರೆಸಿಕೊಂಡಳು. “ಇದು ಎಮ್ಮೆ ತಿಂತತೆ, ಆಕಳು ಮುಟ್ಟಲ್ಲ. ಇದು ಕಾರ್ತೀಕದಾಗೆ ಮಾತ್ರ ಹೂಬಿಡತೈತಿ. ಈ ಎರಡೂ ಒಂದೇ ತರ ಕಾಣ್ತಾವಲ್ಲ, ಬುಡ ಮೂಸಿ ನೋಡು, ಬ್ಯಾರೆ ಬ್ಯಾರೆ.”

ಮೇಡಂ ಮೂಸಿ ನೋಡಿದರು. ಮುಖ ಅರಳಿತು. ಬೇರು ಉಳಿದಿದೆ, ಮಳೆಗೆ ಹುಲ್ಲು ಮತ್ತೆ ಬರುತ್ತದೆ, ಆದರೆ ಇಂಥ ಕಣ್ಣು ಎಲ್ಲಿ ಸಿಗುತ್ತದೆ ಎಂದರು. ಅರ್ಧ ಗಂಟೆ ಅಲ್ಲೇ ಕೂತು ಬರೆದುಕೊಂಡರು. ಕಟ್ಟಿಗೊಂದರಂತೆ ಎಸಳು ತೆಗೆದು ಹಾಳೆಗಳ ನಡುವೆ ಇಟ್ಟರು. “ಅಜ್ಜಿ, ನಾಳೆಯಿಂದ ನಮ್ಮ ತಂಡಕ್ಕೆ ಬರ್ತೀರಾ? ಮಳೆಗಾಲದವರೆಗೆ?”

“ಬರ್ತೀನಿ. ಆದ್ರೆ ನಂಗೆ ಓದು ಬರಹ ಬರಲ್ಲ. ಬರ್ಕಳಾಕೆ ಒಬ್ಬರು ಬೇಕು.”

ಶ್ರೀಶ ಪೆನ್ನು ತೆಗೆದು ಒಂದು ಹೆಜ್ಜೆ ಮುಂದೆ ಬಂದ. ಹನುಮಮ್ಮ ಅವನನ್ನು ಕನಿಕರದಿಂದ ನೋಡಿದಳು.

“ಇವ್ರು ಬ್ಯಾಡ ತಾಯಿ. ಪಾಪ, ಗರಿಕೆನೇ ಗೊತ್ತಾಗಲ್ಲ. ನನ್ನ ಸೊಸೆ ಸ್ಪಂದನ ಅದಾಳೆ, ಅಕ್ಷರ ದುಂಡಗೆ ಬರೀತಾಳೆ.”

“ಆಯ್ತು” ಎಂದರು ಮೇಡಂ. ಶ್ರೀಶನ ಕೈಯಿಂದ ಚೌಕಟ್ಟು ತೆಗೆದುಕೊಂಡು ಜೀಪಿಗೆ ಹಾಕಿದರು. “ನಿಮ್ಮನ್ನ ಶಿರಾಳಕೊಪ್ಪದಲ್ಲಿ ಬಸ್ಸಿಗೆ ಬಿಡ್ತೀವಿ. ಹತ್ತಿ.”

“ಉಳಿದ ಹುಲ್ಲು ಏನ್ಮಾಡಾದು ತಾಯಿ?” ಎಂದಳು ಹನುಮಮ್ಮ.

“ನೀವೇ ಒಯ್ಯಿರಿ ಅಜ್ಜಿ.”

ಮಾತು ಮುಗಿಯುವುದರೊಳಗೆ ಹೆಂಗಸರು ಎದ್ದರು. ಕಟ್ಟುಗಳೆಲ್ಲ ಸೇರಿ ಹನ್ನೊಂದು ದೊಡ್ಡ ಹೊರೆಗಳಾದವು. ಹನ್ನೊಂದು ಹಗ್ಗ ಹೊರಬಂದವು. ತಲೆಯ ಮೇಲೆ ಹನ್ನೊಂದು ಸಿಂಬೆ ಕೂತವು. ಎಣಿಸಲು ಸಹಾಯ ಮಾಡಲೆಂದು ಬಂದವರು ಮನೆಯಿಂದಲೇ ಹೊರೆ ಕಟ್ಟುವ ಹಗ್ಗ, ತಲೆಗೆ ಸಿಂಬೆ ತಂದದ್ದು ಯಾಕೆ ಎಂದು ಶ್ರೀಶನಿಗೆ ಆಗ ಹೊಳೆಯಿತು.

ಅವನು ಹನುಮಮ್ಮನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ: “ಅಜ್ಜಿ, ನಿಜ ಹೇಳಿ. ನೀವು ನನ್ನ ಮೇಲಿನ ಕನಿಕರಕ್ಕೇ ಕೊಯ್ದಿದ್ದಾ?”

ಹನುಮಮ್ಮ ಸಿಂಬೆ ಸರಿಮಾಡಿಕೊಂಡು, ಕತ್ತು ನೆಟ್ಟಗೆ ಮಾಡಿ ನಿಂತಳು.

“ಸ್ವಲ್ಪ ಹೊರೆ ಎತ್ತಿ ಕೊಡು ತಮ್ಮಾ” ಎಂದಳು.

ಶ್ರೀಶ ಎತ್ತಿ ಕೊಟ್ಟ.