ಪಾಳಿಯ ಮೇಲೆ ನೋಡಿದ ಸಿನಿಮಾ

ಇವರು: ಆಕೆ ಸುಟ್ಟದ್ದು ಪ್ರೇಮಪತ್ರ. ನಾನು ಕಣ್ಣಾರೆ ನೋಡಿದೆ.

ನಾನು: ಸುಟ್ಟದ್ದು ಉಯಿಲು. ನೀವು ನೋಡಿದ್ದು ಬರೀ ಹೊಗೆ.

ಇವರು: ಅಳ್ತಾ ಅಳ್ತಾ ಸುಟ್ಟಳು ಕಣೇ. ಉಯಿಲು ಸುಡೋರು ಯಾರಾದ್ರೂ ಅಳ್ತಾರಾ?

ನಾನು: ಹೊಗೆ ಕಣ್ಣಿಗೆ ಹೋದ್ರೆ ಯಾರು ಬೇಕಾದ್ರೂ ಅಳ್ತಾರೆ. ಆ ಚೀಲ ಸೋಫಾ ಮೇಲೆ ಇಡಬೇಡಿ, ಒದ್ದೆ ಬಟ್ಟೆ ಇದೆ ಅದರಲ್ಲಿ.

ಮ್ಯಾಟಿನಿ ಮುಗಿಸಿ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಹತ್ತು ತಿಂಗಳ ಮಗಳು ನನ್ನ ಹೆಗಲ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದಳು. ಚಿತ್ರಮಂದಿರದಲ್ಲಿ ಎರಡೂವರೆ ಗಂಟೆ ಬಾರದ ನಿದ್ದೆ ಮನೆಯ ಬೀದಿಗೆ ತಿರುಗುತ್ತಲೇ ಬಂದಿತ್ತು.

ಸಿನಿಮಾ ಕುದುರೆಗಾಡಿಗಳ ಕಾಲದ್ದು. ಗುಡ್ಡದ ಮೇಲೊಂದು ದೊಡ್ಡ ಮನೆ, ಕಣ್ಣು ಮಂಜಾದ ಮುದುಕ ಯಜಮಾನ, ಅವನಿಗೆ ಪುಸ್ತಕ ಓದಿ ಹೇಳಲು ಬಂದು ಕೊನೆಗೆ ಹೆಂಡತಿಯೇ ಆದ ಹೆಂಗಸು. ಮುದುಕ ತೀರಿಕೊಳ್ಳುತ್ತಾನೆ, ಮನೆ ಅವಳದಾಗುತ್ತದೆ. ಅವಳನ್ನು ಹೊರಹಾಕಲು ಬಂದ ದೂರದ ನೆಂಟನೊಬ್ಬ ಅವಳನ್ನೇ ಪ್ರೀತಿಸಿಬಿಡುತ್ತಾನೆ. ಇಷ್ಟರವರೆಗೆ ನಮ್ಮಿಬ್ಬರಿಗೂ ತಕರಾರಿರಲಿಲ್ಲ. ಆಮೇಲಿನದನ್ನು ಪಾಳಿಯ ಮೇಲೆ ನೋಡಿದ್ದೆವು. ಕಾಲು ಗಂಟೆ ನಾನು ಒಳಗೆ, ಇವರು ಮಗುವನ್ನೆತ್ತಿಕೊಂಡು ಹೊರಗೆ; ಮುಂದಿನ ಕಾಲು ಗಂಟೆ ಅದಲುಬದಲು.

ಇವರು: ಕೊನೇಲಿ ಎಲ್ಲಾ ಬಯಲಾಗಿರುತ್ತೆ ಬಿಡು. ಆಕೆ ನಿರಪರಾಧಿ ಅಂತ.

ನಾನು: ಕೊನೆ ಯಾರು ನೋಡಿದ್ರು?

ಇವರು: ಕೊನೆ ನಿನ್ನ ಪಾಳಿ ತಾನೆ?

ನಾನು: ನನ್ನ ಪಾಳೀಲಿ ಬಾಗಿಲ ಹತ್ರ ನಿಂತು, ಮೈಯೆಲ್ಲಾ ಮಾಡ್ಕೊಂಡಿದಾಳೆ ಬಾ ಅಂತ ಕೈಬೀಸಿದೋರು ಯಾರು?

ಇವರು: ನಾನು ಕರೆದದ್ದು ಬಟ್ಟೆ ಚೀಲಾನ.

ನಾನು: ಚೀಲ ತಾನಾಗೇ ಎದ್ದು ನಡ್ಕೊಂಡು ಬರಲ್ವಲ್ಲ.

ಮಗಳನ್ನು ಮೆಲ್ಲನೆ ಹಾಸಿಗೆಯ ಮೇಲೆ ಮಲಗಿಸಿ, ಎರಡೂ ಪಕ್ಕ ದಿಂಬು ಒತ್ತರಿಸಿ ಬಂದೆ. ಇವರು ಒದ್ದೆ ಬಟ್ಟೆಗಳನ್ನು ಬಕೆಟ್ಟಿಗೆ ಹಾಕಿ ನೀರು ಬಿಡುತ್ತಾ, ಸಿನಿಮಾದವಳ ಪರವಾಗಿ ಇನ್ನೂ ವಾದಿಸುತ್ತಿದ್ದರು.

ನಿಜವಾಗಿ ಅಂದು ಇತ್ಯರ್ಥವಾಗಬೇಕಾದದ್ದು ಬೇರೆಯೇ ಇತ್ತು. ಅತ್ತೆ ತೀರಿಕೊಂಡು ಆರು ವರ್ಷ. ಮೂರು ವಾರಗಳ ಹಿಂದೆ ಒಂದು ಬೆಳಿಗ್ಗೆ ಮಾವ ಚಹಾ ಲೋಟದೊಳಕ್ಕೆ ನೋಡುತ್ತಾ, ಮುಖ್ಯ ರಸ್ತೆಯ ಕನ್ನಡಕದ ಅಂಗಡಿಯಾಕೆಯನ್ನು ಮದುವೆಯಾಗಬೇಕೆಂದಿದ್ದೇನೆ, ಮಗ ಒಪ್ಪಿದರೆ ಮಾತ್ರ, ಎಂದಿದ್ದರು. ಮಗ “ಯೋಚ್ನೆ ಮಾಡೋಣ” ಎಂದರು. ಯೋಚನೆಯ ಗಡುವು ಈ ಸಂಜೆ. ಅದನ್ನು ಮುಂದೂಡಲೆಂದೇ ಇವರು ಎಲ್ಲರನ್ನೂ ಸಿನಿಮಾಕ್ಕೆ ಹೊರಡಿಸಿದ್ದು ಎಂದು ನನ್ನ ಗುಮಾನಿ. ಮಾವ ಸೊಂಟ ನೋವೆಂದು ತಮಗೆ ಬೇರೆಯಾಗಿ ಹಿಂದಿನ ಸಾಲಿನ ಟಿಕೆಟ್ ತೆಗೆಸಿಕೊಂಡಿದ್ದರು. ಮುಗಿದ ಮೇಲೆ “ನೀವು ನಡೀರಿ, ಬರ್ತೀನಿ” ಎಂದವರು ಇನ್ನೂ ಬಂದಿರಲಿಲ್ಲ.

ನಾನು: ನೀವು ಹೊರಗೆ ಮಗೂಗೆ ಪೋಸ್ಟರ್ ತೋರಿಸ್ತಿದ್ರಲ್ಲ, ಆಗ ಮುದುಕ ಸಾಯೋ ಮುಂಚೆ ಎರಡನೇ ಉಯಿಲು ಬರೆದಿದ್ದನ್ನ ತೋರಿಸಿದ್ರು. ಮನೆ ಆ ನೆಂಟನಿಗೆ ಅಂತ. ನೀಲಿ ರಿಬ್ಬನ್ ಕಟ್ಟಿಟ್ಟಿದ್ದ.

ಇವರು: ಸುಟ್ಟ ಕಾಗದಕ್ಕೆ ಇದ್ದದ್ದು ಹಸಿರು ರಿಬ್ಬನ್.

ನಾನು: ಬೆಂಕಿ ಬೆಳಕಲ್ಲಿ ನೀಲಿ ಹಸಿರಾಗಿ ಕಂಡಿರುತ್ತೆ.

ಇವರು: ನಿನಗೆ ಹೆಂಗಸರ ಮೇಲೆ ಇಷ್ಟೊಂದು ಅನುಮಾನ ಯಾಕೆ?

ನಾನು: ಈ ಮಾತು ಕೇಳೋ ಬಾಯಿ ಯಾವುದು ಅಂತ ಕನ್ನಡೀಲಿ ನೋಡ್ಕೊಳ್ಳಿ. ಯಾರೋ ಬಣ್ಣ ಹಚ್ಚಿಕೊಂಡೋಳು ಎರಡು ಹನಿ ಕಣ್ಣೀರು ಸುರಿಸಿದ್ದಕ್ಕೆ ಗುಡ್ಡದ ಮೇಲಿನ ಮನೇನೇ ಕೊಟ್ಟುಬಿಟ್ರಿ. ಕನ್ನಡಕದ ಮೇಡಂ ಎರಡು ವರ್ಷದಿಂದ ಗೊತ್ತು. ಅವರಿಗೆ ಒಂದು ಕುರ್ಚಿ ಕೊಡೋಕೂ ಯೋಚ್ನೆ.

ಇವರು: ಆಕೆ ಒಂದು ದಿನಾನೂ ಅತ್ತದ್ದು ನೋಡಿಲ್ಲ ನಾನು.

ನಾನು: ನಾಳೆ ಅಂಗಡಿಗೆ ಹೋಗಿ, ನಮ್ಮನೆಯವರಿಗೋಸ್ಕರ ಸ್ವಲ್ಪ ಅಳ್ತೀರಾ ಮೇಡಂ ಅಂತ ಕೇಳ್ಕೊಂಡು ಬರಲಾ?

ಇವರು: ತಮಾಷೆ ಬೇಡ. ಒಂದು ವರ್ಷದಲ್ಲಿ ಅಪ್ಪನ ಕನ್ನಡಕದ ಸ್ಕ್ರೂ ಹನ್ನೊಂದು ಸಲ ಸಡಿಲ ಆಗಿದೆ. ಹನ್ನೊಂದು. ಆಕೆ ಬೇಕೂಂತಲೇ ಗಟ್ಟಿಯಾಗಿ ಕೂರಿಸ್ತಿಲ್ಲ, ಮತ್ತೆ ಮತ್ತೆ ಬರಲಿ ಅಂತ.

ನಾನು: ಅವರು ಗಟ್ಟಿಯಾಗೇ ಕೂರಿಸ್ತಾರೆ. ಬಿಚ್ಚೋದು ಮಾವ. ಅಡುಗೆಮನೆ ಚಾಕು ತುದಿಯಿಂದ.

ಇವರ ಕೈಯಲ್ಲಿದ್ದ ಸಾಬೂನು ಜಾರಿ ಬಕೆಟ್ಟಿಗೆ ಬಿತ್ತು.

ಇವರು: ನೀನು ನೋಡಿದೀಯಾ?

ನಾನು: ಎರಡು ಸಲ. ಆ ಚಾಕುವಿನ ತುದಿ ಬಾಗಿರೋದು ಹೇಗೆ ಅಂದ್ಕೊಂಡಿದ್ರಿ?

ಇವರು ಬಕೆಟ್ಟಿನಲ್ಲಿ ಕೈಯಾಡಿಸಿ ಸಾಬೂನು ಹುಡುಕಿದರು.

ಇವರು: ಅಪ್ಪ ಈಗೀಗ ಏನೋ ಗುನುಗ್ತಿರ್ತಾರೆ. ಶೂ ಹಾಕ್ಕೊಳ್ಳೋವಾಗೆಲ್ಲ. ಅಮ್ಮ ಇದ್ದಾಗ ಗುನುಗಿದ್ದು ಒಂದು ದಿನಾನೂ ಕೇಳಿಲ್ಲ ನಾನು.

ನಾನು: ನಾನು ಅತ್ತೇನ ನೋಡಿದೋಳೇ ಅಲ್ಲ. ಆದ್ರೆ ನಮ್ಮ ಕೂಸನ್ನ ಮಲಗಿಸೋವಾಗ ಮಾವ ಹಾಡ್ತಾರಲ್ಲ, ಅದರಲ್ಲಿ ನಡುನಡುವೆ ನಿಮ್ಮ ಹೆಸರು ಬಂದುಬಿಡುತ್ತೆ. ಆಮೇಲೆ ನಾಲಿಗೆ ಕಚ್ಚಿಕೊಂಡು ಇವಳ ಹೆಸರು ಸೇರಿಸ್ತಾರೆ. ಆ ಹಾಡು ಅವರು ಮೊದಲು ಹಾಡಿದ್ದು ಯಾರಿಗೆ? ಆಗ ಮನೇಲಿ ಅತ್ತೆ ಇರಲಿಲ್ವಾ?

ಇವರು ಬಟ್ಟೆಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹಿಂಡಿದರು.

ಇವರು: ಅದೆಲ್ಲ ಸರಿ. ಆದ್ರೆ ಮನೆ ಆಕೆ ಹೆಸರಿಗೆ ಹೋಗೋ ಹಾಗಾಗಬಾರದು.

ನಾನು: ಹೋಗಿ ಆಯ್ತಲ್ಲ. ಮುದುಕ ಮೊದಲ ಉಯಿಲಲ್ಲೇ ಬರೆದುಕೊಟ್ಟಿದಾನಲ್ಲ.

ಇವರು: ಬರೆದುಕೊಟ್ರಾ? ಯಾವಾಗ?

ನಾನು: ಸಾಯೋದಕ್ಕೆ ಮುಂಚೆ.

ಇವರು: ಯಾರು ಸತ್ತದ್ದು? ನಮ್ಮಪ್ಪ ಗಟ್ಟಿಮುಟ್ಟಾಗಿದ್ದಾರೆ.

ನಾನು: ನಾನು ಸಿನಿಮಾ ಮುದುಕನ್ನ ಹೇಳಿದ್ದು. ಅವನಂತೂ ಸತ್ತ.

ಬಾಗಿಲಿನಿಂದ ಮಾವನ ಧ್ವನಿ ಬಂತು.

ಮಾವ: ಯಾವ ಮುದುಕ ಸತ್ತ?

ನಾನು: ಬನ್ನಿ ಮಾವ, ನಿಮ್ಮನ್ನೇ ಕಾಯ್ತಿದ್ವಿ. ಮಗು ಗಲಾಟೆ ಇಲ್ದೆ ಪೂರ್ತಿ ನೋಡಿದೋರು ನೀವೊಬ್ಬರೇ. ಕೊನೇಲಿ ಏನಾಯ್ತು?

ಮಾವ: ನನಗೇನು ಗೊತ್ತು? ನೋಡೋಕೆ ಎಲ್ಲಿ ಬಿಟ್ಟಳು?

ಇವರು: ಯಾರು?

ಮಾವ ಕುರ್ಚಿಯ ತುದಿಯಲ್ಲಿ ಕುಳಿತು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು.

ಮಾವ: ಕನ್ನಡಕದ ಮೇಡಂ ಬಂದಿದ್ರು. ಜೊತೆಗೆ ಅವರ ಮಗಳು. ನಮ್ಮಿಬ್ಬರ ಮಧ್ಯದ ಸೀಟಲ್ಲಿ ಕೂತಳು. ತೆರೆ ಮೇಲೆ ಆಸ್ತಿ ಅನ್ನೋ ಮಾತು ಬಂದಾಗೆಲ್ಲ ನನ್ನ ಕಡೆ ತಿರುಗಿ ನೋಡೋಳು.

ಇವರು: ನಿಮ್ಮನ್ನ ಯಾಕೆ ನೋಡಬೇಕು?

ಮಾವ: ನಾನೂ ಅದೇ ಅಂದ್ಕೊಂಡೆ. ಹೊರಗೆ ಬಂದ ಮೇಲೆ ಬಾಯಿಬಿಟ್ಟೇ ಕೇಳಿದಳು. ಅಂಗಡಿ ಮೇಲಿನ ಮನೆ ನಮ್ಮಮ್ಮಂದು, ಅದರ ಮೇಲೆ ನಿಮಗೇನಾದ್ರೂ ಕಣ್ಣಿದೆಯಾ ಅಂತ.

ಇವರು ಬಚ್ಚಲಿನಿಂದ ನೊರೆಗೈಯಲ್ಲೇ ಹೊರಗೆ ಬಂದರು.

ಇವರು: ಯಾರಿಗೆ, ನಿಮಗಾ? ಮೂವತ್ತು ವರ್ಷ ಊರೋರ ಕಾಗದ ಮನೆಮನೆಗೆ ಹಂಚಿದೋರು ನೀವು. ಒಂದು ಲಕೋಟೇನೂ ಬೆಳಕಿಗೆ ಹಿಡಿದು ನೋಡಿದೋರಲ್ಲ. ನಿಮಗೆ ಯಾರದೋ ಮಹಡಿ ಮನೆ ಮೇಲೆ ಕಣ್ಣಾ?

ಮಾವ: ಹೋಗ್ಲಿ ಬಿಡು. ಅವಳದೇನು ತಪ್ಪು? ಅಮ್ಮನ ಮೇಲೆ ಪ್ರೀತಿ ಇರೋ ಮಕ್ಕಳು ಹೀಗೇ ಕೇಳೋದು.

ಇವರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ.

ಮಾವ: ನಿನಗೂ ಮನಸ್ಸಿಲ್ಲ, ಅವಳಿಗೂ ಇಲ್ಲ. ಇಬ್ಬರು ಮಕ್ಕಳಿಗೆ ಕಷ್ಟ ಕೊಟ್ಟು ನಾವು ಮಾಡ್ಕೊಳ್ಳೋದಾದ್ರೂ ಏನು? ಬೇಡ ಅಂತ ಹೇಳಿಬಿಡ್ತೀನಿ.

ಇವರು: ಬೇಡ ಅಂದ್ರೆ ಏನರ್ಥ? ಸಿಕ್ಕಿಬಿದ್ದ, ಅದಕ್ಕೇ ಜಾರಿಕೊಂಡ ಅಂತ ಆಗಲ್ವಾ?

ಮಾವ: ಮತ್ತೇನು ಮಾಡು ಅಂತೀಯಾ?

ಇವರು: ನೀವು ಅವರ ಮಹಡಿ ಮನೆ ಮೆಟ್ಟಿಲು ಹತ್ತೋದೇ ಬೇಡ. ಅವರೇ ಇಲ್ಲಿಗೆ ಬರಲಿ. ನಮ್ಮ ಜೊತೆ ಇರಲಿ. ಆಗ ಗೊತ್ತಾಗುತ್ತೆ ಆ ಮಗಳಿಗೆ ನಾವು ಎಂಥವರು ಅಂತ.

ನಾನು: ಅಂದ್ರೆ ನೀವು ಒಪ್ಪಿದ ಹಾಗಾಯ್ತು.

ಇವರು: ಒಪ್ಪೋ ಮಾತಲ್ಲ ಇದು. ಮರ್ಯಾದೆ ಮಾತು.

ನಾನು: ಮದುವೆ ನಡೆಯುತ್ತೆ ತಾನೆ?

ಇವರು: ನಡೀದೇ ಇರೋಕೆ ನಾನು ಬಿಡ್ತೀನಾ?

ಮಾವ ಕನ್ನಡಕವನ್ನು ಮೂಗಿಗೇರಿಸಿಕೊಂಡು ಮಗನನ್ನು ಒಂದು ಗಳಿಗೆ ನೋಡಿದರು. ಆ ನೋಟ ಮಾತ್ರ ನಟನೆಯಾಗಿರಲಿಲ್ಲ. ಎದ್ದು ಅವರ ನೊರೆಗೈಯನ್ನೇ ಹಿಡಿದುಕೊಂಡರು.

ಮಾವ: ಆಕೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಾರೆ. ನೀನು ಏನಂತೀಯೋ ಅಂತ.

ಇವರು: ಬೆಂಚಿನ ಮೇಲೆ ಕೂರಿಸಿ ಬಂದ್ರಾ? ಹೋಗಿ ಕರ್ಕೊಂಡು ಬನ್ನಿ. ಆ ಮಗಳನ್ನೂ ಕರೀರಿ.

ಮಾವ: ಅವಳು ಬಸ್ ಹತ್ತಿ ಹೋದಳಪ್ಪ.

ಮಾವ ಹೊರಟರು. ಗೇಟಿನ ತನಕ ನಾನೂ ಹಿಂದೆಯೇ ಹೋದೆ.

ನಾನು: ಮಾವ, ಒಂದು ನಿಮಿಷ. ಮಗು ಎತ್ಕೊಂಡು ನಾನು ಹಿಂದಿನ ಬಾಗಿಲ ಹತ್ರಾನೇ ಅಡ್ಡಾಡ್ತಿದ್ದೆ. ನಿಮ್ಮ ಸಾಲಲ್ಲಿ ನೀವಿಬ್ಬರೇ ಇದ್ರಿ. ಮಧ್ಯದಲ್ಲಿ ಯಾರೂ ಇರಲಿಲ್ಲ. ಮಧ್ಯ ಅನ್ನೋದೇ ಇರಲಿಲ್ಲ.

ಮಾವ ಗೇಟಿನ ಚಿಲಕವನ್ನು ಬಹಳ ಗಮನವಿಟ್ಟು ಪರೀಕ್ಷಿಸಿದರು.

ಮಾವ: ಮಗಳಿರೋದು ನಿಜ ಕಣಮ್ಮ. ಬೇರೆ ಊರಲ್ಲಿ ಟೀಚರು. ತುಂಬಾ ಒಳ್ಳೆ ಹುಡುಗಿ. ಫೋನಲ್ಲಿ ಹೇಳಿದ ದಿನಾನೇ ಒಪ್ಪಿಕೊಂಡಳು.

ನಾನು: ಅಂಥ ಹುಡುಗಿ ಮೇಲೆ ಇಂಥ ಸುಳ್ಳು ಹೇಳೋದಾ, ಪಾಪ?

ಮಾವ: ಪಾಪ ಏನು ಬಂತು? ಈ ಉಪಾಯ ಹೇಳಿಕೊಟ್ಟದ್ದೇ ಅವಳು.

ಅಂದವರು ಟಪಾಲು ಹಂಚುವ ಕಾಲದ ನಡಿಗೆಯಲ್ಲಿ ಬೀದಿಯ ತಿರುವಿಗೆ ಹೊರಟೇಬಿಟ್ಟರು. ಒಳಗಿನಿಂದ ಕುರ್ಚಿ ಎಳೆಯುವ ಸದ್ದು ಕೇಳಿಸಿತು. ಆಮೇಲೆ ಮಗುವನ್ನು ಎಚ್ಚರಿಸದ ಹಾಗೆ ತಗ್ಗಿಸಿದ, ಆದರೆ ಸಿಟ್ಟಿಗೇನೂ ಕಡಿಮೆಯಿಲ್ಲದ ಇವರ ಧ್ವನಿ.

ಇವರು: ಅಪ್ಪ ಹೋದ್ರಾ? ಆ ಮಗಳ ಫೋನ್ ನಂಬರ್ ಇಸ್ಕೋಬೇಕಿತ್ತು. ನಾಲ್ಕು ಮಾತು ಕೇಳದೆ ಬಿಡಲ್ಲ ಅವಳನ್ನ.

ನಾನು: ಬಿಡಿ ಅಂದ್ರೆ. ಇನ್ನು ಮೇಲೆ ಅವಳು ನಿಮಗೆ ತಂಗಿ ಆಗಬೇಕು.

ಒಳಗೆ ಕುರ್ಚಿಯ ಸದ್ದು ನಿಂತಿತು.

ಇವರು: ತಂಗಿಯಾ? ಹಾಗಾದ್ರೆ ಇನ್ನೂ ಎರಡು ಜಾಸ್ತಿ ಕೇಳ್ತೀನಿ.