ಮಾವನವರಿಗೆ ತೋರಿಸಲು ಹೊರಟ ಗೆರೆ

ಎಪ್ಪತ್ತರ ದಶಕದಲ್ಲಿ ಮುದ್ದೇಬಿಹಾಳದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನಾನು ಸಾಮಾನ್ಯ ಮನುಷ್ಯನಾಗಿರಲಿಲ್ಲ. ಡಾಕ್ಟರೇಟ್ ಪಡೆದವನು! ಅದೂ ಪ್ರಯೋಗ ಮಾಡಿ ಅಲ್ಲ, ಬರೀ ಲೆಕ್ಕ ಮಾಡಿ. ವಿದ್ಯುದಂಶವಿರುವ ಉದ್ದುದ್ದ ಅಣುಸರಪಳಿಗಳು ನೀರಿನಲ್ಲಿ ಕರಗಿದಾಗ ಏನಾಗುತ್ತದೆ ಎಂಬುದು ನನ್ನ ವಿಷಯ. ಧನ ಅಂಶದವೂ ಋಣ ಅಂಶದವೂ ಸೇರಿದರೆ ಒಂದನ್ನೊಂದು ತಬ್ಬಿಕೊಂಡು, ಮಂದವಾಗಿ ಕೆಳಗಿಳಿಯುತ್ತವೆ. ಮೇಲೆ ತಿಳಿನೀರು. ನಡುವೆ ಒಂದು ಗೆರೆ. ಆ ಗೆರೆಯ ಬಗ್ಗೆ ನನ್ನಷ್ಟು ಬಲ್ಲವರು ಇಡೀ ಜಗತ್ತಿನಲ್ಲೇ, ಅಂದರೆ ಇಂಡಿ, ಸಿಂದಗಿ, ಬಾಗೇವಾಡಿಗಳಲ್ಲಿ, ಯಾರೂ ಇರಲಿಲ್ಲ.

ಹೂವಿನ ಹಿಪ್ಪರಗಿಯಿಂದ ಬಂದಿದ್ದ ಮಾವನವರು ಚಹಾ ಹೀರುತ್ತ ಕೇಳಿಯೇಬಿಟ್ಟರು: "ಅಳಿಯಂದ್ರ, ಇಷ್ಟ ವರ್ಷ ಆ ಗೆರಿ ಬಗ್ಗೆ ಓದೀರಿ. ಒಮ್ಮೆರ ಕಣ್ಣಿಲೆ ನೋಡೀರೇನು?"

ನೋಡಿರಲಿಲ್ಲ!

"ಇವತ್ತ ತೋರಿಸ್ತೇನ್ರಿ ಮಾವಾರ," ಎಂದೆ.

ಕಾಲೇಜಿನಿಂದ ಜಿಲಾಟಿನ್ ಪುಡಿ, ಗೋಂದು, ಒಂದಿಷ್ಟು ಆಮ್ಲ ತಂದೆ; ಆಮ್ಲ ಬಿದ್ದರೆ ಜಿಲಾಟಿನ್ ಧನ, ಗೋಂದು ಋಣ. ನೀರಿಗೆಂದು ಅಡುಗೆಮನೆಗೆ ನುಗ್ಗಿದರೆ ಹೆಂಡತಿ ಶಾಂತಾ ಕೊಡಕ್ಕೆ ಅಡ್ಡ ನಿಂತಳು.

"ಕುಡ್ಯಾಕ ಹೊತ್ತು ತಂದ ನೀರ್ರೀ ಇದು! ಹಿತ್ತಲ ಬಾವಿದು ತಗೋರಿ."

"ಆತು ಬಿಡು, ನೀರು ಎಲ್ಲಾ ಒಂದ!" ಎಂದು ಪಂಡಿತನ ಗತ್ತಿನಲ್ಲಿ ಘೋಷಿಸಿದೆ.

ಪಡಸಾಲೆಯಲ್ಲಿ ಓಣಿಯ ಮಂದಿ ಸೇರಿತು. ಅಣುಸರಪಳಿಗಳು ಹೇಗೆ ತಬ್ಬಿಕೊಳ್ಳುತ್ತವೆ ಎಂದು ಅವರಿಗೆ ದೊಡ್ಡ ಭಾಷಣ ಬಿಗಿದೆ. ಎರಡೂ ದ್ರಾವಣಗಳನ್ನು ಬೆಚ್ಚಗೆ ಮಾಡಿ, ಗಾಜಿನ ಜಾಡಿಗೆ ಸುರಿದು, ಕೆಲವು ಹನಿ ಆಮ್ಲ ಬಿಟ್ಟು, "ಈಗ ನೋಡ್ರಿ!" ಎಂದೆ. ಎಲ್ಲರೂ ಜಾಡಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಇನ್ನಷ್ಟು ಗೋಂದು ಹಾಕಿದೆ. ಇನ್ನಷ್ಟು ಜಿಲಾಟಿನ್. ಚಮಚ ಜಾಡಿಯಲ್ಲೇ ನೆಟ್ಟಗೆ ನಿಂತಿತು! ಅದನ್ನು ಕೀಳಲು ಹೋಗಿ ಜಾಡಿ ಉರುಳಿತು. ನನ್ನ ತೋಳು ಮಾವನವರ ಶಲ್ಯಕ್ಕೆ ಅಂಟಿತು. ಬಿಡಿಸಲು ಬಂದ ಶಾಂತಾಳ ಸೆರಗು ಇಬ್ಬರಿಗೂ ಅಂಟಿತು.

ಎದುರುಮನೆಯ ಗಂಗಮ್ಮ ಕೇಳಿದಳು: "ಸರ್, ತಬ್ಬಿಕೊಳ್ಳೂದು ಅಂದ್ರ ಇದ ಏನ್ರಿ?"

ಅಷ್ಟರಲ್ಲಿ ಮೀಸೆಗೆ ಸಿಡಿದಿದ್ದ ಹನಿಯೊಂದು ಬಾಯಿಗೆ ಇಳಿಯಿತು. ಉಪ್ಪು! ಬಾವಿಯ ನೀರು ಸವಳು! ಉಪ್ಪು ಹೆಚ್ಚಾದರೆ ವಿದ್ಯುದಂಶಗಳಿಗೆ ಒಂದರ ಗುರುತು ಇನ್ನೊಂದಕ್ಕೆ ಸಿಗದು, ಗೆರೆ ಮೂಡದು. ಇದನ್ನು ಲೆಕ್ಕದಿಂದ ತೋರಿಸಿಕೊಟ್ಟವನು ಸಾಕ್ಷಾತ್ ನಾನೇ!

"ಗೆರಿ ಬರಲಿಲ್ಲ! ನನ್ನ ಲೆಕ್ಕ ಖರೇ ಆತು!" ಎಂದು ಕುಣಿದೆ. ಅಂಟಿಕೊಂಡಿದ್ದ ಮಾವನವರೂ ಕುಣಿಯಬೇಕಾಯಿತು.

"ಬಂದ್ರೂ ಖರೇ, ಬರದಿದ್ರೂ ಖರೇ! ಭಾಳ ಚೊಲೊ ವಿದ್ಯಾ ಐತ್ರಿ ನಿಮ್ದು," ಎಂದರು ಅವರು ಏದುಸಿರು ಬಿಡುತ್ತ.

ಅವರು ಊರಿಗೆ ಮರಳಿದ ಮೇಲೆ ಒಂದು ದಿನ ಹಿಪ್ಪರಗಿಯ ರೈತನೊಬ್ಬ ಬಾಟಲಿ ಹಿಡಿದು ಬಂದ. "ನೀರಿನಾಗಿನ ಉಪ್ಪು ಕಂಡುಹಿಡಿಯೂ ಡಾಕ್ಟರ್ ನೀವ ಅಲ್ರಿ? ನಿಮ್ಮ ಮಾವಾರು ಊರ ತುಂಬ ಹೇಳ್ಯಾರ."

ನನ್ನ ಎದೆ ಉಬ್ಬಿತು. ಗಂಭೀರವಾಗಿ ಬೆರಳದ್ದಿ ನೆಕ್ಕಿದೆ. "ಸವಳ ಐತಿ."

"ಅದು ನಮಗೂ ಗೊತ್ತೈತ್ರಿ. ಮುಂದೇನ್ ಮಾಡೂದು ಹೇಳ್ರಿ!"

ಶಾಂತಾಳನ್ನು ಕರೆದು ಅವನಿಗೆ ಚಹಾ ಕೊಡಲು ಹೇಳಿದೆ. ಡಾಕ್ಟರ್ ಸಾಹೇಬರ ಬಳಿ ಇದ್ದ ಔಷಧ ಅದೊಂದೇ!